ಕಾನಾ ಊರಿನ ಮದುವೆಯ ಅದ್ಭುತವು ಕ್ರೈಸ್ತ ದಂಪತಿಗಳಿಗೆ ಏನನ್ನು ಕಲಿಸುತ್ತದೆ?

ಯೋಹಾನನ ಸುವಾರ್ತೆಯ 2ನೇ ಅಧ್ಯಾಯದ ಪ್ರಕಾರ, ಗಲಿಲಾಯದ ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದುಹೋದಾಗ ಯೇಸು ನೀರನ್ನೇ ದ್ರಾಕ್ಷಾರಸವನ್ನಾಗಿ ಮಾಡಿದನು. ಬೀಗರು ಪಂಕ್ತಿಯಲ್ಲಿ ಕುಳಿತಿರುವಾಗಲೇ ಅನ್ನ ಸಾಲದೆ ಹೋದರೆ ಮನೆಯವರಿಗೆ ಎಂಥ ಸಂಕಟವಾಗುತ್ತದೆ ಎಂಬುದನ್ನು ನಮ್ಮ ರಾಯಚೂರು, ಬಳ್ಳಾರಿ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ದೃಷ್ಟಿಯಲ್ಲಿ ಇಲ್ಲಿ ಹೆಚ್ಚು ಗಮನಿಸಬೇಕಾದದ್ದು ಸೇವಕರ ನಡೆ. ಒಂದೊಂದೂ ಸುಮಾರು 75ರಿಂದ 115 ಲೀಟರ್ ಹಿಡಿಯುವ ಆರು ಕಲ್ಲಿನ ಬಾನೆಗಳನ್ನು, ಮುಂದೇನಾಗುವುದೆಂದು ತಿಳಿಯದಿದ್ದರೂ, ಅವರು ಯೇಸು ಹೇಳಿದಂತೆ ನೀರಿನಿಂದ ಕಂಠದವರೆಗೆ ತುಂಬಿಸಿದರು. ಬೇಸಿಗೆಯಲ್ಲಿ ದೂರದ ಬೋರ್‌ವೆಲ್‌ನಿಂದ ಕೊಡ ಹೊತ್ತು ತರುವ ನಮ್ಮ ಹಳ್ಳಿಯ ಹೆಂಗಸರಿಗೆ ಅದು ಎಷ್ಟು ಬೆವರಿನ ಕೆಲಸವೆಂದು ಗೊತ್ತು. ವಿಶ್ವಾಸವೆಂದರೆ ಕೈಕಟ್ಟಿ ಕಾಯುವುದಲ್ಲ; ನಮ್ಮ ಪಾಲಿನ ನೀರನ್ನು ನಾವೇ ತುಂಬಬೇಕು.

ಯೇಸುವಿನ ತಾಯಿ ಮರಿಯಳ ವರ್ತನೆಯೂ ದಂಪತಿಗಳಿಗೆ ನೇರವಾಗಿ ಅನ್ವಯಿಸುತ್ತದೆ. ಆಕೆ ಯಾರನ್ನೂ ದೂರದೆ, ದ್ರಾಕ್ಷಾರಸವಿಲ್ಲವೆಂದು ಮಗನಿಗೆ ತಿಳಿಸಿ, ಆತನು ಹೇಳಿದಂತೆ ಮಾಡಿರೆಂದು ಸೇವಕರಿಗೆ ಹೇಳಿದಳು. ಸಂಬಳ ಸಾಲದ ತಿಂಗಳಲ್ಲಿ, ಮಕ್ಕಳಾಗದ ವರ್ಷಗಳಲ್ಲಿ, ಮಾತು ನಿಂತುಹೋದ ಮನೆಯಲ್ಲಿ ಗಂಡ ಹೆಂಡತಿ ಒಬ್ಬರನ್ನೊಬ್ಬರು ಹಳಿಯುವ ಬದಲು ಕೊರತೆಯನ್ನು ಒಟ್ಟಿಗೆ ದೇವರ ಮುಂದಿಡಬಹುದು.

ಆದರೆ ದೇವರು ಹೇಗೂ ತುಂಬಿಕೊಡುತ್ತಾನೆಂದು ಸಾಲ ಮಾಡಿ ಅದ್ದೂರಿ ಮದುವೆ ನಡೆಸಲು ಈ ವಚನವನ್ನು ಆಧಾರವಾಗಿ ಬಳಸುವುದು ತಪ್ಪು. ದ್ರಾಕ್ಷಾರಸ ಎಲ್ಲಿಂದ ಬಂತೆಂದು ಔತಣದ ಪಾರುಪತ್ಯಗಾರನಿಗೇ ತಿಳಿಯಲಿಲ್ಲ. ಯೇಸು ಆ ಮನೆಯ ಮಾನವನ್ನು ಸದ್ದಿಲ್ಲದೆ ಕಾಪಾಡಿದನೇ ಹೊರತು ಆಡಂಬರಕ್ಕೆ ಮೆರುಗು ಕೊಡಲಿಲ್ಲ.