ಹೊಸ ಕ್ಯಾರವಾನ್ ಕೊಳ್ಳುವ ಮುನ್ನ ಮಾಡಬೇಕಾದ ಲೆಕ್ಕ

ನಮಸ್ಕಾರ. ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ಗೆ ಬಂದು ವರ್ಷ ದಾಟಿದೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದಾರೆ, ಬೇಸಿಗೆಗೆ ಮೈಸೂರಿನಿಂದ ತಂದೆ ತಾಯಿ ಬರುವವರಿದ್ದಾರೆ ಎಂದು ಬರೆದಿದ್ದೀರಿ. ಆರು ಜನ ಮಲಗಬಹುದಾದ ಹೊಸ ಕ್ಯಾರವಾನ್ (ಕಾರಿನ ಹಿಂದೆ ಕಟ್ಟಿ ಎಳೆಯುವ, ಪುಟ್ಟ ಮನೆಯಂಥ ಗಾಡಿ) ಒಂದಕ್ಕೆ ಡೀಲರ್ 2,000 ಪೌಂಡ್ ಇಳಿಸಿ, ಮೇಲೆ ಒಂದಿಷ್ಟು ಸಾಮಾನನ್ನು ಉಚಿತವಾಗಿ ಕೊಡುತ್ತೇವೆಂದು ಹೇಳಿದ್ದಾರೆ. ಆದರೆ ಈ ವಾರದೊಳಗೆ ಮುಂಗಡ ಕಟ್ಟಬೇಕಂತೆ. ಇದು ಲಾಭದ ವ್ಯಾಪಾರವೇ ಎಂಬುದು ನಿಮ್ಮ ಪ್ರಶ್ನೆ. ಈ ವಾರ ಕಟ್ಟಬೇಡಿ ಎಂಬುದು ನನ್ನ ಮೊದಲ ಉತ್ತರ. ಬೆಲೆ ಹೆಚ್ಚೋ ಕಡಿಮೆಯೋ ಎಂದು ಹೇಳುವುದಕ್ಕೆ ಬೇಕಾದ ಅರ್ಧ ವಿವರಗಳು ಇನ್ನೂ ನಿಮ್ಮ ಕೈಯಲ್ಲೇ ಇಲ್ಲ, ಅವುಗಳಲ್ಲಿ ಮೊದಲನೆಯದು ನಿಮ್ಮ ಕಾರು.

ಕಾರಿನ ಬಾಗಿಲ ಬಳಿಯೋ ಬಾನೆಟ್ಟಿನ ಕೆಳಗೋ ಒಂದು ಸಣ್ಣ ಫಲಕವಿರುತ್ತದೆ. ಅದರಲ್ಲಿ ಕಾರು ಮತ್ತು ಅದು ಎಳೆಯುವ ಗಾಡಿ ಎರಡೂ ಸೇರಿ ಎಷ್ಟು ತೂಗಬಹುದು ಎಂಬ ಮಿತಿ ಬರೆದಿರುತ್ತದೆ. ಆ ಮಿತಿಯನ್ನು ಮೀರಿದರೆ ಅದು ಕಾನೂನಿನ ಉಲ್ಲಂಘನೆ. ಇದರ ಜೊತೆಗೆ ಇಲ್ಲಿನ ಕ್ಯಾರವಾನ್ ಸಂಘಗಳು ಬಹುಕಾಲದಿಂದ ಹೇಳುತ್ತ ಬಂದಿರುವ ಒಂದು ಸಲಹೆಯಿದೆ: ಹೊಸದಾಗಿ ಎಳೆಯಲು ಕಲಿಯುವವರು, ತುಂಬಿದ ಕ್ಯಾರವಾನಿನ ಗರಿಷ್ಠ ತೂಕ ಖಾಲಿ ಕಾರಿನ ತೂಕದ ಶೇಕಡ 85ನ್ನು ಮೀರದಂತೆ ನೋಡಿಕೊಳ್ಳಬೇಕು. ಇದು ಕಾನೂನಲ್ಲ, ಆದರೆ ಮೋಟಾರುದಾರಿಯಲ್ಲಿ ದೊಡ್ಡ ಲಾರಿಯೊಂದು ಪಕ್ಕದಿಂದ ದಾಟಿಹೋದಾಗ ಆ ಗಾಳಿಯ ಸೆಳೆತಕ್ಕೆ ಹಿಂದಿನ ಗಾಡಿ ಓಲಾಡತೊಡಗುವುದನ್ನು ಕನ್ನಡಿಯಲ್ಲಿ ಕಂಡವರು ಯಾರೂ ಇದನ್ನು ಹಗುರವಾಗಿ ಪರಿಗಣಿಸುವುದಿಲ್ಲ. ನಿಮ್ಮ ಕಾರು 1,600 ಕಿಲೋ ಇದ್ದರೆ, ಕ್ಯಾರವಾನಿನ ಗರಿಷ್ಠ ತೂಕ 1,360 ಕಿಲೋದ ಒಳಗಿರಬೇಕು. ಆರು ಜನ ಮಲಗುವ ಕ್ಯಾರವಾನುಗಳಲ್ಲಿ ಅನೇಕವು ಇದನ್ನು ದಾಟುತ್ತವೆ. ಕಾರು ವಿದ್ಯುತ್ತಿನದೋ ಹೈಬ್ರಿಡ್ಡೋ ಆಗಿದ್ದರೆ ಇನ್ನಷ್ಟು ಎಚ್ಚರ ಬೇಕು, ಏಕೆಂದರೆ ಅಂಥ ಕಾರುಗಳಲ್ಲಿ ಕೆಲವಕ್ಕೆ ಎಳೆಯುವ ಅನುಮತಿಯೇ ಇರುವುದಿಲ್ಲ, ಕೆಲವಕ್ಕೆ ತೀರ ಕಡಿಮೆ ಇರುತ್ತದೆ. ಕಂಪನಿಯ ಮೂಲಕ ಲೀಸಿಗೆ ಪಡೆದ ಕಾರಾದರೆ ಟೋಬಾರ್, ಅಂದರೆ ಗಾಡಿ ಎಳೆಯಲು ಕಾರಿನ ಹಿಂದೆ ಜೋಡಿಸುವ ಕೊಂಡಿ, ಕೂರಿಸಲು ಕರಾರಿನಲ್ಲಿ ಅವಕಾಶವಿದೆಯೇ ಎಂದು ಲೀಸ್ ಕಂಪನಿಯನ್ನು ಬರಹದಲ್ಲಿ ಕೇಳಿ. ನಮ್ಮವರಲ್ಲಿ ಐಟಿ ಕೆಲಸದವರೇ ಹೆಚ್ಚಾದ್ದರಿಂದ ಈ ತೊಡಕು ಮತ್ತೆ ಮತ್ತೆ ಬರುವುದನ್ನು ನೋಡಿದ್ದೇನೆ.

ಕ್ಯಾರವಾನಿನ ಬಾಗಿಲ ಬಳಿ ಅಂಟಿಸಿದ ಚೀಟಿಯಲ್ಲಿ ಎರಡು ತೂಕಗಳಿರುತ್ತವೆ. ಕಾರ್ಖಾನೆಯಿಂದ ಹೊರಟಾಗಿನ ತೂಕಕ್ಕೆ ಮಿರೊ ಎಂದೂ, ತುಂಬಿದ ಮೇಲಿನ ಗರಿಷ್ಠ ತೂಕಕ್ಕೆ ಎಂಟಿಪಿಎಲ್‌ಎಂ ಎಂದೂ ಹೇಳುತ್ತಾರೆ. ಎರಡರ ನಡುವಿನ ಅಂತರವೇ ನೀವು ಹೇರಬಹುದಾದ ಸಾಮಾನು. ಇದು ಅನೇಕ ಕ್ಯಾರವಾನುಗಳಲ್ಲಿ 150 ಕಿಲೋ ಆಸುಪಾಸಿನಲ್ಲಿರುತ್ತದೆ. ಡೀಲರ್ ಉಚಿತವೆಂದು ಕೂರಿಸಿಕೊಡುವ ಮೋಟಾರ್ ಮೂವರ್, ಅಂದರೆ ಕ್ಯಾರವಾನನ್ನು ರಿಮೋಟಿನಿಂದ ನಿಧಾನಕ್ಕೆ ಸರಿಸುವ ಯಂತ್ರ, ಸುಮಾರು 30 ಕಿಲೋ ತೂಗುತ್ತದೆ. ಬ್ಯಾಟರಿ, ಗ್ಯಾಸ್ ಸಿಲಿಂಡರ್, ಮುಂದೆ ಕಟ್ಟುವ ಡೇರೆಯಂಥ ಆನಿಂಗ್, ನೀರಿನ ಡ್ರಮ್ಮು ಎಲ್ಲವೂ ಇದೇ ಲೆಕ್ಕದಲ್ಲಿ ಸೇರುತ್ತವೆ. ಇಷ್ಟಾದ ಮೇಲೆ ನಾಲ್ಕು ಜನರ ಬಟ್ಟೆ, ಹಾಸಿಗೆ ಹೊದಿಕೆ, ಕುಕ್ಕರು, ಅಕ್ಕಿಬೇಳೆಗೆ ಎಷ್ಟು ಉಳಿಯಿತು ಎಂದು ಕಾಗದದ ಮೇಲೆ ಕೂಡಿ ಕಳೆದು ನೋಡಿ. ಕೆಲವು ತಯಾರಕರು ಸ್ವಲ್ಪ ಹಣ ಪಡೆದು ಗರಿಷ್ಠ ತೂಕವನ್ನು ಹೆಚ್ಚಿಸಿದ ಹೊಸ ಫಲಕ ಕೊಡುತ್ತಾರೆ. ನಿಮ್ಮ ಕಾರಿಗೆ ಅದು ತಡೆಯುವುದಾದರೆ, ಚೌಕಾಸಿಯಲ್ಲಿ ಕೇಳಿ ಪಡೆಯಬೇಕಾದ ಮೊದಲ ವಸ್ತು ಅದೇ.

ಆರು ಹಾಸಿಗೆಯ ವಿಷಯದಲ್ಲಿ ಒಂದು ಮಾತು. ಎಳೆದೊಯ್ಯುವಾಗ ಕ್ಯಾರವಾನಿನೊಳಗೆ ಯಾರೂ ಕೂರುವಂತಿಲ್ಲ. ನಿಮ್ಮ ಕಾರಿನಲ್ಲಿ ಐದು ಸೀಟುಗಳಿದ್ದರೆ ಆರನೆಯವರು ರೈಲಿನಲ್ಲಿ ಬರಬೇಕಾಗುತ್ತದೆ. ತಂದೆ ತಾಯಿ ಜೊತೆಯಲ್ಲಿ ಇರಬೇಕೆಂಬ ನಿಮ್ಮ ಆಸೆ ಬಹಳ ಒಳ್ಳೆಯದು, ಆದರೆ ವರ್ಷಕ್ಕೊಮ್ಮೆ ಕೆಲವು ವಾರ ಬರುವವರಿಗಾಗಿ ಇಡೀ ವರ್ಷ ಭಾರವಾದ, ದುಬಾರಿಯಾದ ಗಾಡಿಯನ್ನು ಎಳೆಯುವುದು ನನಗೆ ಸರಿಯೆನಿಸುವುದಿಲ್ಲ. ನಾಲ್ಕು ಜನರ ಕ್ಯಾರವಾನ್ ತೆಗೆದುಕೊಂಡು, ಅವರು ಬಂದಾಗ ಅದೇ ಊರಿನಲ್ಲಿ ಅವರಿಗೊಂದು ಬೆಚ್ಚಗಿನ ಕೋಣೆ ಬಾಡಿಗೆಗೆ ಹಿಡಿದರೆ, ಮಂಡಿನೋವಿನ ವಯಸ್ಸಿನವರಿಗೂ ಅನುಕೂಲ. ಮಕ್ಕಳ ಬಂಕ್ ಹಾಸಿಗೆಗಳು ಒಂದು ತುದಿಯಲ್ಲಿ, ಅಡುಗೆ ಕಟ್ಟೆ ಬಾಗಿಲ ಹತ್ತಿರ ಇರುವ ವಿನ್ಯಾಸವನ್ನು ಹುಡುಕಿ. ನಮ್ಮ ಒಗ್ಗರಣೆಯ ಹೊಗೆಗೆ, ಕುದಿಯುವ ಸಾರಿನ ಹಬೆಗೆ ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಬಟ್ಟೆಗಳಿಗೆ ವಾಸನೆ ಹಿಡಿಯುವುದಷ್ಟೇ ಅಲ್ಲ, ತೇವವೂ ಒಳಗೇ ಕೂರುತ್ತದೆ.

ಚಾಲನಾ ಪರವಾನಗಿಯ ಬಗ್ಗೆ ನೀವು ಏನೂ ಬರೆದಿಲ್ಲ. ಭಾರತದ ಲೈಸೆನ್ಸಿನಲ್ಲಿ ಇಲ್ಲಿ ನೆಲೆಸಿದ ಮೇಲೆ 12 ತಿಂಗಳು ಮಾತ್ರ ಓಡಿಸಬಹುದು, ಅದನ್ನು ಇಲ್ಲಿನದಕ್ಕೆ ನೇರವಾಗಿ ಬದಲಾಯಿಸಿಕೊಳ್ಳುವ ವ್ಯವಸ್ಥೆಯಿಲ್ಲ. ಆದ್ದರಿಂದ ಇಲ್ಲಿನ ಪರೀಕ್ಷೆ ಇನ್ನೂ ಮುಗಿದಿಲ್ಲವಾದರೆ ಕ್ಯಾರವಾನಿನ ಮಾತೇ ಈಗ ಬೇಡ. ಅದನ್ನು ಪಾಸು ಮಾಡಿದ್ದರೆ, 2021ರ ಡಿಸೆಂಬರ್ 16ರಿಂದ ಬೇರೆ ಪರೀಕ್ಷೆಯಿಲ್ಲದೆಯೇ 3,500 ಕಿಲೋವರೆಗಿನ ಗಾಡಿ ಎಳೆಯಲು ಅನುಮತಿಯಿದೆ. ಅನುಮತಿ ಸಿಕ್ಕ ಮಾತ್ರಕ್ಕೆ ಹಿಮ್ಮುಖವಾಗಿ ನಡೆಸಲು ಬಂದಂತಲ್ಲ. ಕ್ಯಾರವಾನ್ ಅಂಡ್ ಮೋಟರ್‌ಹೋಮ್ ಕ್ಲಬ್ ನಡೆಸುವ ತರಬೇತಿಗೆ ಒಂದು ದಿನ ಕೊಡಿ. ಕೊಳ್ಳುವ ಮುನ್ನವೇ ಹೋದರೆ, ನಿಮಗೆ ಎಷ್ಟು ದೊಡ್ಡದು ನಿಭಾಯಿಸಲು ಸಾಧ್ಯವೆಂಬುದು ಅಲ್ಲಿಯೇ ಗೊತ್ತಾಗುತ್ತದೆ.

ಇನ್ನು ಬೆಲೆ. ಬೆಂಗಳೂರಿನಲ್ಲಿ ಕಾರು ಕೊಳ್ಳುವಾಗ ಎಕ್ಸ್ ಶೋರೂಂ ಬೆಲೆ ಬೇರೆ, ಆನ್ ರೋಡ್ ಬೆಲೆ ಬೇರೆ ಎಂದು ನಮಗೆಲ್ಲ ಗೊತ್ತು. ಇಲ್ಲಿಯೂ ನೀವು ಹಿಡಿಯಬೇಕಾದ್ದು ಎರಡನೆಯದನ್ನೇ. ಫಲಕದ ಮೇಲಿನ ಬೆಲೆಯಲ್ಲಿ ಶೇಕಡ 20 ವ್ಯಾಟ್ ಸೇರಿರುತ್ತದೆ, ಆದರೆ ಕಾರ್ಖಾನೆಯಿಂದ ತರಿಸಿ, ಪರೀಕ್ಷಿಸಿ, ಸಿದ್ಧಪಡಿಸಿ ಕೊಡುವ ಶುಲ್ಕವನ್ನು ಅನೇಕ ಡೀಲರುಗಳು ಪ್ರತ್ಯೇಕವಾಗಿ ಸೇರಿಸುತ್ತಾರೆ. ಆ ಮೇಲೆ ಬ್ಯಾಟರಿ, ಗ್ಯಾಸ್, ಶುದ್ಧ ನೀರಿನ ಡ್ರಮ್ಮು, ಕೊಳೆನೀರಿನ ತೊಟ್ಟಿ, ವಿದ್ಯುತ್ ಸಂಪರ್ಕದ ಕೇಬಲ್, ಕೊಂಡಿಗೆ ಹಾಕುವ ಹಿಚ್ ಲಾಕ್, ಚಕ್ರದ ಲಾಕ್, ಶೌಚದ ರಾಸಾಯನಿಕ. ನಿಮ್ಮ ಕಾರಿಗೆ ಟೋಬಾರ್, ಅದಕ್ಕೆ 13 ಪಿನ್ನಿನ ವೈರಿಂಗ್, ಎರಡೂ ಕಡೆಗೆ ಹೆಚ್ಚುವರಿ ಕನ್ನಡಿ. ಇವೆಲ್ಲ ಸೇರಿ ಸಾವಿರಾರು ಪೌಂಡ್ ಆಗುವುದು ಸುಲಭ. ಹೀಗಾಗಿ 2,000 ಪೌಂಡ್ ಇಳಿಸಿದ ಡೀಲರಿಗಿಂತ 800 ಇಳಿಸಿ ಮೂವರ್, ಬ್ಯಾಟರಿ, ಲಾಕುಗಳನ್ನು ಕೂರಿಸಿಕೊಡುವವರು ಅಗ್ಗವಾಗಬಹುದು. ಸಿದ್ಧಗೊಂಡು ನಿಮ್ಮ ಕಾರಿನ ಹಿಂದೆ ಹೊರಡುವ ಹೊತ್ತಿಗೆ ಕೈಬಿಡುವ ಒಟ್ಟು ಮೊತ್ತ ಎಷ್ಟು ಎಂಬ ಒಂದೇ ಪ್ರಶ್ನೆಯನ್ನು ಕನಿಷ್ಠ ಮೂವರು ಡೀಲರುಗಳಿಗೆ ಇಮೇಲಿನಲ್ಲಿ ಕೇಳಿ, ಉತ್ತರವನ್ನೂ ಇಮೇಲಿನಲ್ಲೇ ಪಡೆಯಿರಿ. ಚೌಕಾಸಿ ಮಾಡಿದರೆ ಇಲ್ಲಿಯವರು ಬೇಸರಿಸುತ್ತಾರೆಂಬ ಸಂಕೋಚ ಹೊಸಬರಿಗೆ ಇರುತ್ತದೆ. ಕ್ಯಾರವಾನ್ ವ್ಯಾಪಾರದಲ್ಲಿ ಆ ಸಂಕೋಚ ಬೇಡ. ಸಮಾಧಾನದಿಂದ, ಗೌರವದಿಂದ ಕೇಳಿದರೆ ಸಾಕು, ಅವರು ಅದನ್ನು ನಿರೀಕ್ಷಿಸಿಯೇ ಇರುತ್ತಾರೆ.

ಹೋಲಿಸುವಾಗ ಡೀಲರ್ ಸ್ಪೆಷಲ್ ಎಂಬುದೊಂದು ಎದುರಾಗುತ್ತದೆ. ಬ್ರಿಸ್ಟಲಿನ ಬೈಲಿ, ಹಲ್ ನಗರದ ಪಕ್ಕದ ಕಾಟಿಂಗ್‌ಹ್ಯಾಮಿನ ಸ್ವಿಫ್ಟ್ ಮೊದಲಾದವರ ಸಾಮಾನ್ಯ ಮಾದರಿಯೊಂದಕ್ಕೆ ಸೌರ ಫಲಕ, ಅಲಾಯ್ ಚಕ್ರ, ಅಲಾರಂ, ಬೇರೆ ಬಣ್ಣದ ಗೆರೆಗಳನ್ನು ಸೇರಿಸಿ, ಒಬ್ಬೊಬ್ಬ ದೊಡ್ಡ ಡೀಲರ್ ತಮ್ಮದೇ ಹೆಸರಿಟ್ಟು ಮಾರುತ್ತಾರೆ. ಹೆಸರು ಬೇರೆಯಾದ್ದರಿಂದ ಬೆಲೆ ಹೋಲಿಸುವುದು ಕಷ್ಟವಾಗುತ್ತದೆ. ಇದರ ಮೂಲ ಮಾದರಿ ಯಾವುದು ಎಂದು ಕೇಳಿ, ಸೇರಿಸಿದ ವಸ್ತುಗಳಲ್ಲಿ ನಿಮಗೆ ನಿಜವಾಗಿ ಬೇಕಾದವಕ್ಕೆ ಮಾತ್ರ ಬೆಲೆ ಕಟ್ಟಿ. ಸೌರ ಫಲಕ ಮತ್ತು ಅಲಾರಂ ಇದ್ದರೆ ಒಳ್ಳೆಯದೇ. ಬಣ್ಣದ ಗೆರೆಗಳಿಗೆ ಹಣ ಕೊಡಬೇಕಾಗಿಲ್ಲ.

ಕಾಲವೂ ಮುಖ್ಯ. ಮುಂದಿನ ವರ್ಷದ ಮಾದರಿಗಳು ಸಾಮಾನ್ಯವಾಗಿ ಹಿಂದಿನ ಶರತ್ಕಾಲದಲ್ಲೇ ಹೊರಬರುತ್ತವೆ. ಆಗ ಅಂಗಳದಲ್ಲಿ ಉಳಿದ ಹಳೆಯ ದಾಸ್ತಾನನ್ನು ಖಾಲಿ ಮಾಡುವ ಅವಸರ ಡೀಲರಿನದಾಗಿರುತ್ತದೆ. ಈಸ್ಟರ್ ಹತ್ತಿರ ಬಂದಾಗ ಅವಸರ ಗಿರಾಕಿಯದಾಗುತ್ತದೆ. ಬರ್ಮಿಂಗ್‌ಹ್ಯಾಮಿನ ಎನ್‌ಇಸಿ ವಸ್ತುಪ್ರದರ್ಶನ ಕೇಂದ್ರದಲ್ಲಿ ಫೆಬ್ರವರಿ ಮತ್ತು ಅಕ್ಟೋಬರಿನಲ್ಲಿ ನಡೆಯುವ ಕ್ಯಾರವಾನ್ ಮೇಳಗಳು ನಿಮ್ಮ ಊರಿಗೆ ದೂರವಲ್ಲ. ಒಂದೇ ಸೂರಿನಡಿ ಹಲವು ತಯಾರಕರ ಕ್ಯಾರವಾನುಗಳನ್ನು ಹತ್ತಿ ಇಳಿದು ನೋಡಲು, ಮಕ್ಕಳನ್ನು ಬಂಕಿನ ಮೇಲೆ ಮಲಗಿಸಿ ಅಳೆಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಮೇಳದಲ್ಲಿ ಕಟ್ಟಿದ ಮುಂಗಡ ಮನಸ್ಸು ಬದಲಾದರೆ ಹಿಂದಿರುಗುತ್ತದೆಂದು ಭಾವಿಸಬೇಡಿ, ಕರಾರನ್ನು ಪೂರ್ತಿ ಓದಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತು: ಹತ್ತಿರದ ಡೀಲರಿನಿಂದ ಕೊಳ್ಳಿ. ಹೊಸ ಕ್ಯಾರವಾನಿನಲ್ಲಿ ಮೊದಲ ವರ್ಷ ಸಣ್ಣಪುಟ್ಟ ದೋಷಗಳು ಕಾಣಿಸಿಕೊಳ್ಳುವುದು ಅಪರೂಪವಲ್ಲ. ಬೀರುವಿನ ಕೀಲು ಸಡಿಲ, ನಲ್ಲಿಯಲ್ಲಿ ಸೋರಿಕೆ, ಕಿಟಕಿಯ ಅಂಚಿನ ಸೀಲು ಸರಿಯಿಲ್ಲ, ಹೀಗೆ. ವಾರಂಟಿಯ ರಿಪೇರಿಗೆ ನೀವು ಹೋಗಬೇಕಾದ್ದು ಸಾಮಾನ್ಯವಾಗಿ ಮಾರಿದವರ ಬಳಿಗೇ. ಬೇರೆ ಡೀಲರುಗಳು ಅದೇ ಕಂಪನಿಯ ಕ್ಯಾರವಾನ್ ಮಾರುತ್ತಿದ್ದರೂ ತಮ್ಮ ಗಿರಾಕಿಗಳ ಕೆಲಸ ಮುಗಿಯುವವರೆಗೆ ನಿಮ್ಮನ್ನು ಕಾಯಿಸಬಹುದು, ಆಗುವುದಿಲ್ಲವೆಂದೂ ಹೇಳಬಹುದು. ನಮ್ಮ ಪರಿಚಯದ ಕುಟುಂಬವೊಂದು ನಾಲ್ಕು ಗಂಟೆ ದಾರಿಯಾಚೆಯ ಡೀಲರಿನಿಂದ ಕೊಂಡು, ಉಳಿಸಿದ ಹಣವನ್ನೆಲ್ಲ ಪೆಟ್ರೋಲಿಗೂ ರಜೆಗೂ ಕಳೆದುಕೊಂಡಿತು. ಒಂದೊಂದು ರಿಪೇರಿಗೂ ಒಯ್ದು ಬಿಟ್ಟು, ಮತ್ತೆ ಹೋಗಿ ತರಬೇಕಾಗಿತ್ತು. ಈ ದೇಶದ ಮಳೆಯಲ್ಲಿ ಕ್ಯಾರವಾನಿಗೆ ದೊಡ್ಡ ಶತ್ರು ತೇವ. ಗೋಡೆಯೊಳಗೆ ನೀರಿಳಿಯುವುದರ ವಿರುದ್ಧ ತಯಾರಕರು ಹಲವು ವರ್ಷಗಳ ವಾರಂಟಿ ಕೊಡುತ್ತಾರೆ ನಿಜ, ಆದರೆ ಪ್ರತಿವರ್ಷ ನಿಗದಿತ ಅವಧಿಯಲ್ಲಿ ಮಾನ್ಯತೆಯುಳ್ಳ ಕಾರ್ಯಾಗಾರದಲ್ಲಿ ಸರ್ವೀಸು ಮಾಡಿಸಿ, ತೇವದ ಪರೀಕ್ಷೆಯ ದಾಖಲೆ ಇಟ್ಟಿದ್ದರೆ ಮಾತ್ರ ಅದು ಉಳಿಯುತ್ತದೆ. ಮೊದಲ ಮೂರು ಸರ್ವೀಸುಗಳನ್ನು ಬೆಲೆಯಲ್ಲೇ ಸೇರಿಸಿಕೊಡುವಂತೆ ಕೇಳಿ. ಇದು 500 ಪೌಂಡ್ ರಿಯಾಯಿತಿಗಿಂತ ಹೆಚ್ಚು ಬಾಳುತ್ತದೆ.

ಹಣ ಕೊಡುವ ರೀತಿಯಲ್ಲಿಯೂ ರಕ್ಷಣೆಯಿದೆ. 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಕಲಮಿನ ಪ್ರಕಾರ, 100 ಪೌಂಡಿಗಿಂತ ಹೆಚ್ಚಿನ, 30,000 ಪೌಂಡ್ ಮೀರದ ವಸ್ತುವಿಗೆ ಮುಂಗಡವನ್ನಷ್ಟೇ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದರೂ, ಮಾರಾಟಗಾರರು ಮಾತು ತಪ್ಪಿದಾಗ ಅಥವಾ ಅಂಗಡಿಯೇ ಮುಚ್ಚಿಹೋದಾಗ ಕಾರ್ಡ್ ಕಂಪನಿಯೂ ಹೊಣೆಯಾಗುತ್ತದೆ. ಡೆಬಿಟ್ ಕಾರ್ಡಿಗೆ ಇದು ಅನ್ವಯಿಸುವುದಿಲ್ಲ. ದೊಡ್ಡ ಕ್ಯಾರವಾನುಗಳ ಬೆಲೆ 30,000 ದಾಟುವುದರಿಂದ, ಆ ಗಡಿಯ ಒಳಗೇ ಉಳಿಯಲು ಇದೂ ಒಂದು ಕಾರಣ. ಕಂತಿನ ಸಾಲ ಮಾಡುವುದಾದರೆ ತಿಂಗಳ ಕಂತನ್ನು ನೋಡಿ ತೀರ್ಮಾನಿಸಬೇಡಿ. ವಾರ್ಷಿಕ ಬಡ್ಡಿಯ ದರ ಮತ್ತು ಕೊನೆಗೆ ಕಟ್ಟುವ ಒಟ್ಟು ಮೊತ್ತವನ್ನು ನಿಮ್ಮ ಬ್ಯಾಂಕಿನ ಸಾಲದೊಂದಿಗೆ ಹೋಲಿಸಿ. ಹೊಸ ಕ್ಯಾರವಾನಿನ ಬೆಲೆ ಮೊದಲ ವರ್ಷಗಳಲ್ಲೇ ಬೇಗ ಇಳಿಯುತ್ತದೆ. ವೀಸಾದ ಸ್ಥಿತಿ ಇನ್ನೂ ಭದ್ರವಾಗಿರದವರು ಉದ್ದನೆಯ ಸಾಲಕ್ಕೆ ಸಹಿ ಹಾಕುವುದು ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ.

ಎಲ್ಲಿ ನಿಲ್ಲಿಸುತ್ತೀರಿ ಎಂಬುದನ್ನೂ ಈಗಲೇ ತಿಳಿದುಕೊಳ್ಳಿ. ಹೊಸ ಬಡಾವಣೆಗಳ ಅನೇಕ ಮನೆಪತ್ರಗಳಲ್ಲಿ ಅಂಗಳದಲ್ಲಿ ಕ್ಯಾರವಾನ್ ನಿಲ್ಲಿಸಬಾರದೆಂಬ ನಿಬಂಧನೆ ಇರುತ್ತದೆ, ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬೇಕು. ಹೊರಗೆ ಕಾವಲಿರುವ ಜಾಗದಲ್ಲಿ ಇಡುವುದಾದರೆ ಅದಕ್ಕೆ ವರ್ಷದ ಬಾಡಿಗೆ, ಜೊತೆಗೆ ವಿಮೆ. ವಿಮೆಯವರು ಲಾಕು, ಟ್ರ್ಯಾಕರ್, ನಿಲ್ಲಿಸುವ ಜಾಗ ಮೂರನ್ನೂ ಕೇಳುತ್ತಾರೆ. ಹೊಸದಕ್ಕೆ ಹೊಸದನ್ನೇ ಕೊಡುವ ವಿಮೆಯನ್ನು ಆರಿಸಿ.

ಕ್ಯಾರವಾನ್ ಪಡೆಯುವ ದಿನ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ಚಾಸಿಯ ಮೇಲಿನ 17 ಅಕ್ಷರಾಂಕಗಳ ಸಂಖ್ಯೆ, ಕಿಟಕಿಗಳಲ್ಲಿ ಕೆತ್ತಿದ ಸಂಖ್ಯೆ, ಕ್ರಿಸ್ ಎಂಬ ಕ್ಯಾರವಾನ್ ನೋಂದಣಿ ವ್ಯವಸ್ಥೆಯ ಪತ್ರದ ಸಂಖ್ಯೆ ಮೂರೂ ಒಂದೇ ಇವೆಯೇ ನೋಡಿ. ನೀರು ತುಂಬಿಸಿ ಎಲ್ಲ ನಲ್ಲಿಗಳನ್ನೂ ಬಿಡಿ, ಹೀಟರ್ ಹಾಕಿಸಿ, ಒಲೆಯ ಪ್ರತಿ ಬರ್ನರನ್ನೂ ಹೊತ್ತಿಸಿ, ಕಿಟಕಿ ಬಾಗಿಲುಗಳನ್ನೆಲ್ಲ ತೆರೆದು ಮುಚ್ಚಿ, ಹಿಂದಿನ ದೀಪಗಳನ್ನು ಕಾರಿಗೆ ಜೋಡಿಸಿಯೇ ಪರೀಕ್ಷಿಸಿ. ಕೈಗೆ ಬಂದ ಮೊದಲ 30 ದಿನಗಳಲ್ಲಿ ನಿಜವಾದ ದೋಷ ಕಂಡರೆ, 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಂತೆ ಕ್ಯಾರವಾನನ್ನು ಹಿಂದಿರುಗಿಸಿ ಪೂರ್ತಿ ಹಣ ಕೇಳುವ ಹಕ್ಕು ನಿಮಗಿದೆ. ಅದರ ಹೊಣೆ ಮಾರಿದ ಡೀಲರಿನದು, ತಯಾರಕರನ್ನು ಕೇಳಿ ಎಂದು ಅವರು ನಿಮ್ಮನ್ನು ಸಾಗಹಾಕುವಂತಿಲ್ಲ. ಆದ್ದರಿಂದ ಆ 30 ದಿನಗಳು ಹಾಗೆಯೇ ಕಳೆದುಹೋಗದಂತೆ, ಪ್ರಯಾಣ ಮಾಡಲು ಸಾಧ್ಯವಾಗುವ ತಿಂಗಳನ್ನೇ ವಿತರಣೆಗೆ ಗೊತ್ತುಮಾಡಿ. ಮೊದಲ ರಾತ್ರಿಯನ್ನು ಡೀಲರಿಗೆ ಹತ್ತಿರದ ಕ್ಯಾಂಪ್‌ಸೈಟಿನಲ್ಲಿ ಕಳೆಯಿರಿ. ಅನ್ನ ಸಾರು ಮಾಡಿ, ಎಲ್ಲರೂ ಸ್ನಾನ ಮಾಡಿ, ಹೀಟರ್ ಹಾಕಿಕೊಂಡು ಮಲಗಿ, ಕಂಡ ಕೊರತೆಗಳನ್ನೆಲ್ಲ ಪಟ್ಟಿಮಾಡಿ ಚಿತ್ರಗಳೊಂದಿಗೆ ಬೆಳಿಗ್ಗೆ ಇಮೇಲ್ ಮಾಡಿ. ನಲ್ಲಿಯ ಸೋರಿಕೆಯಂಥವನ್ನು ಅವರು ಅಂದೇ ಸರಿಪಡಿಸಿಕೊಡುವ ಸಾಧ್ಯತೆ ಹೆಚ್ಚು. ಉಳಿದವುಗಳಿಗೆ ದಿನಾಂಕ ಪಡೆದುಕೊಂಡೇ ಅಲ್ಲಿಂದ ಹೊರಡಿ.