ಇಂಗ್ಲೆಂಡಿಗೆ ಹೊರಟ ಹೊಸನಗರದ ತಂಗಿಗೆ: ಮಾತ್ರೆ ತಪ್ಪದಂತೆ ಬನ್ನಿ

ತಂಗೀ, ನಿಮ್ಮ ಪ್ರಶ್ನೆಗಳನ್ನು ಮೊದಲು ಒಟ್ಟು ಮಾಡಿಕೊಳ್ಳುತ್ತೇನೆ. ನಿಮಗೆ ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದೆ. ಜೊತೆಗೆ ಬರುವ ಯಜಮಾನರಿಗೆ ಸಿಎಲ್‌ಎಲ್ ಎಂಬ ರಕ್ತದ ಕ್ಯಾನ್ಸರ್, ಅದರಲ್ಲೂ 17ಪಿ ಡಿಲೀಷನ್ (ಕ್ಯಾನ್ಸರ್ ಕೋಶದ ಹದಿನೇಳನೆಯ ಕ್ರೋಮೋಸೋಮಿನಲ್ಲಿ ಒಂದು ತುಂಡು ಇಲ್ಲದಿರುವುದು). ಮೊದಲ ಚಿಕಿತ್ಸೆಯಾಗಿಯೇ ಅಕಾಲಾಬ್ರುಟಿನಿಬ್ 100 ಮಿಲಿಗ್ರಾಂ ದಿನಕ್ಕೆ ಎರಡು ಬಾರಿ ನಡೆಯುತ್ತಿದೆ. ಮನೆ, ಚಳಿ, ಊಟ ಹೇಗೆ? ಮಾತ್ರೆ ಅಲ್ಲಿ ಸಿಗುತ್ತದೆಯೇ? ಹೊರಡುವ ಮುಂಚೆ ನಿಗದಿತ ಕಾಲಕ್ಕೆ ಮುಗಿಸಬಹುದಾದ ವೆನೆಟೊಕ್ಲಾಕ್ಸ್ ಎಂಬ ಇನ್ನೊಂದು ಮಾತ್ರೆಗೆ ಬದಲಾಯಿಸಿ ‘ಮುಗಿಸಿಬಿಟ್ಟರೆ’ ಆಗದೇ? ಅತ್ತೆಯವರನ್ನು ಕರೆಸಬಹುದೇ?

ಮನೆ, ಊಟದ ವಿಷಯ ಬೇಗ ಮುಗಿಯುತ್ತದೆ. ಇಂಗ್ಲೆಂಡಿನಲ್ಲಿ ಸಾಮಾನ್ಯ ಬಾಡಿಗೆಗೆ ಐದು ವಾರದ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ. ಮನೆ ಹುಡುಕುವಾಗ ನಿಮ್ಮ ಡ್ಯೂಟಿಯ ಆಸ್ಪತ್ರೆಯನ್ನಷ್ಟೇ ನೋಡಬೇಡಿ, ಯಜಮಾನರು ಹೋಗಬೇಕಾದ ರಕ್ತರೋಗ ವಿಭಾಗಕ್ಕೆ ಒಂದೇ ಬಸ್ಸಿನಲ್ಲಿ ಹೋಗುವಂತಿದೆಯೇ ಎಂದೂ ನೋಡಿ. ಅಕ್ಕಿ, ತೆಂಗಿನೆಣ್ಣೆ, ಸಾರಿನ ಪುಡಿ ಎಲ್ಲ ದೊಡ್ಡ ಊರುಗಳಲ್ಲೂ ಸಿಗುತ್ತವೆ. ಅಪ್ಪೆಮಿಡಿ ತನ್ನಿ, ತುಪ್ಪ ಬೇಡ. ಭಾರತದಿಂದ ಹಾಲಿನ ಪದಾರ್ಥ ತರಲು ಬಿಡುವುದಿಲ್ಲ. ಚಳಿ ಜಾಕೆಟ್ ಹಾಕಿಕೊಂಡರೆ ತೀರುತ್ತದೆ. ಉಳಿದ ಮಾತೆಲ್ಲ ಮಾತ್ರೆಯದು.

ಈ ಮಾತ್ರೆಗೆ ಇಷ್ಟು ಮಹತ್ವ ಏಕೆ ಎಂಬುದು ಮೊದಲು ಸ್ಪಷ್ಟವಾಗಲಿ. ಹದಿನೇಳನೆಯ ಕ್ರೋಮೋಸೋಮಿನ ಗಿಡ್ಡ ತೋಳಿನಲ್ಲಿ ಟಿಪಿ53 ಎಂಬ ಜೀನ್ ಇದೆ, 17ಪಿ ಡಿಲೀಷನ್ ಆದಾಗ ಕಳೆದುಹೋಗುವುದು ಅದೇ. ಡಿಎನ್‌ಎ ಕೆಟ್ಟ ಜೀವಕೋಶಕ್ಕೆ ‘ಸಾಯಿ’ ಎಂದು ಆಜ್ಞೆ ಹೋಗುವುದು ಅದರ ಮೂಲಕ. ಹಳೆಯ ಕೀಮೋ ಮಾಡುವ ಕೆಲಸ ಡಿಎನ್‌ಎ ಕೆಡಿಸುವುದು. ಆಜ್ಞೆ ಕೊಡುವವನೇ ಇಲ್ಲದಿದ್ದರೆ ಕೆಡಿಸಿ ಫಲವಿಲ್ಲ. ಆದ್ದರಿಂದಲೇ ಇವರಿಗೆ ಎಫ್‌ಸಿಆರ್ ಎಂಬ ಹಳೆಯ ಕೀಮೋ ಕೊಡಬಾರದು. ಅಕಾಲಾಬ್ರುಟಿನಿಬ್ ಹಿಡಿಯುವುದು ಬೇರೆ ದಾರಿ: ಕ್ಯಾನ್ಸರ್ ಕೋಶ ಬದುಕಲು ಆಧರಿಸಿರುವ ಬಿಟಿಕೆ ಎಂಬ ಕಿಣ್ವಕ್ಕೆ ಅಂಟಿಕೊಂಡು ಅದನ್ನು ತಡೆಯುತ್ತದೆ. ದೇಹ ಹೊಸ ಬಿಟಿಕೆ ತಯಾರಿಸುತ್ತಲೇ ಇರುವುದರಿಂದ ದಿನಕ್ಕೆರಡು ಸಲ ಮಾತ್ರೆ ಬೇಕು. ರೋಗ ಹಿಡಿತದಲ್ಲಿರುವವರೆಗೂ ಇದು ನಡೆಯುತ್ತದೆ, ಕೋರ್ಸ್ ಮುಗಿಯಿತು ಎನ್ನುವುದು ಇದರಲ್ಲಿ ಇಲ್ಲ.

ಹಾಗಾಗಿ ವೀಸಾ ಬಂದ ದಿನದಿಂದ ಅಲ್ಲಿನ ಆಸ್ಪತ್ರೆ ಮೊದಲ ಪ್ಯಾಕ್ ಕೊಡುವ ದಿನದವರೆಗಿನ ನಡುವಿನ ಅಂತರವೇ ದೊಡ್ಡ ಅಪಾಯ. ಅದಕ್ಕೆ ಎರಡು ತಿಂಗಳ ಮಾತ್ರೆ, ಅಂದರೆ 120, ಮೂಲ ಪ್ಯಾಕೆಟ್ಟಿನಲ್ಲೇ ಕೈಚೀಲದಲ್ಲಿ ತನ್ನಿ. ಲಗೇಜಿಗೆ ಹಾಕಿದರೆ ಲಗೇಜು ತಪ್ಪಿದ ದಿನ ಮಾತ್ರೆಯೂ ತಪ್ಪುತ್ತದೆ. ಜೊತೆಗೆ ವೈದ್ಯರ ಇಂಗ್ಲಿಷ್ ಪತ್ರ ಇರಲಿ. ಸಮಯದ ಲೆಕ್ಕವನ್ನು ಊರಿನಲ್ಲೇ ಸರಿಮಾಡಿಕೊಳ್ಳಿ. ಈಗ ಬೆಳಿಗ್ಗೆ 8, ರಾತ್ರಿ 8ಕ್ಕೆ ತೆಗೆದುಕೊಳ್ಳುತ್ತಿದ್ದರೆ ಹೊರಡುವ ವಾರ ದಿನಕ್ಕೊಂದು ಗಂಟೆಯಂತೆ ತಡಮಾಡುತ್ತಾ 11:30ಕ್ಕೆ ತನ್ನಿ. ಅದು ಇಂಗ್ಲೆಂಡಿನಲ್ಲಿ ಚಳಿಗಾಲಕ್ಕೆ ಬೆಳಿಗ್ಗೆ 6 ಮತ್ತು ಸಂಜೆ 6, ಬೇಸಿಗೆಗೆ 7 ಮತ್ತು 7 ಆಗುತ್ತದೆ. ಡೋಸ್ ಮೂರು ಗಂಟೆಗಿಂತ ಹೆಚ್ಚು ತಡವಾದರೆ ಅದನ್ನು ಬಿಟ್ಟು ಮುಂದಿನದನ್ನು ಅದರ ಹೊತ್ತಿಗೆ ತೆಗೆದುಕೊಳ್ಳಬೇಕು, ಎರಡು ಒಟ್ಟಿಗೆ ನುಂಗಬಾರದು.

ಫೈಲಿನ ವಿಷಯದಲ್ಲಿ ಜಿಪುಣತನ ಬೇಡ. ಬೆಂಗಳೂರಿನಲ್ಲೋ ಮಣಿಪಾಲದಲ್ಲೋ ಆದ ಫಿಶ್ ಪರೀಕ್ಷೆಯ (ಡಿಲೀಷನ್ ತೋರಿಸುವುದು ಇದೇ) ಮೂಲ ವರದಿ, ಟಿಪಿ53 ಸೀಕ್ವೆನ್ಸಿಂಗ್, ಐಜಿಎಚ್‌ವಿ, ಫ್ಲೋ ಸೈಟೊಮೆಟ್ರಿ, ಚಿಕಿತ್ಸೆಗೆ ಮುಂಚಿನ ರಕ್ತದ ಲೆಕ್ಕ, ಇಸಿಜಿ, ಹೆಪಟೈಟಿಸ್ ಬಿ ಪರೀಕ್ಷೆ (ಮೇಲ್ಮೈ ಆ್ಯಂಟಿಜನ್ ಮತ್ತು ಕೋರ್ ಆ್ಯಂಟಿಬಾಡಿ ಎರಡೂ), ಇದುವರೆಗೆ ಕೊಟ್ಟ ಪ್ರತಿ ಔಷಧಿ ಮತ್ತು ಶುರುಮಾಡಿದ ತಾರೀಖು ಎಲ್ಲ ಇರಲಿ. ‘ಹೈ ರಿಸ್ಕ್ ಸಿಎಲ್‌ಎಲ್’ ಎಂದಷ್ಟೇ ಬರೆದ ಡಿಸ್ಚಾರ್ಜ್ ಸಾರಾಂಶ ಸಾಲದು. ದುಬಾರಿ ಔಷಧಿ ಕೊಡಲು ಅಲ್ಲಿನ ಕನ್ಸಲ್ಟೆಂಟ್ ಅನುಮೋದನೆ ಪಡೆಯಬೇಕು, ಅದಕ್ಕೆ, ಯಾವ ಔಷಧಿ ಯಾರಿಗೆ ಎಂದು ಹೇಳುವ ಅಲ್ಲಿನ ನೈಸ್ ಸಂಸ್ಥೆಯ ಷರತ್ತಿಗೆ ಹೊಂದಬೇಕು. 17ಪಿ ಡಿಲೀಷನ್ ಅಥವಾ ಟಿಪಿ53 ಮ್ಯುಟೇಷನ್ ಇರುವವರಿಗೆ ಮೊದಲ ಚಿಕಿತ್ಸೆಯಾಗಿ ಅಕಾಲಾಬ್ರುಟಿನಿಬ್ ಕೊಡಲು ನೈಸ್ 2021ರಲ್ಲೇ ಒಪ್ಪಿದೆ. ಫಿಶ್ ವರದಿಯ ಆ ಒಂದು ಹಾಳೆ ಇಲ್ಲದಿದ್ದರೆ ಮರುಪರೀಕ್ಷೆ ಎನ್ನುತ್ತಾರೆ. ಮಾತ್ರೆ ಕೆಲಸ ಮಾಡಿ ರಕ್ತದಲ್ಲಿ ಕೆಟ್ಟ ಕೋಶ ಕಡಿಮೆಯಾಗಿದ್ದರೆ ಆ ಪರೀಕ್ಷೆಯಲ್ಲಿ ಡಿಲೀಷನ್ ಕಾಣದೇ ಹೋಗಬಹುದು.

ಇಳಿದ ವಾರದಲ್ಲೇ ಹತ್ತಿರದ ಜಿಪಿ (ಕುಟುಂಬ ವೈದ್ಯ) ಕ್ಲಿನಿಕ್ಕಿನಲ್ಲಿ ಹೆಸರು ನೋಂದಾಯಿಸಿ. ವಿಳಾಸದ ದಾಖಲೆ ಇಲ್ಲ ಎಂದು ನಿರಾಕರಿಸುವಂತಿಲ್ಲ. ಜಿಪಿ ಮಾಡಬೇಕಾದ್ದು ರಕ್ತರೋಗ ವಿಭಾಗಕ್ಕೆ ತುರ್ತು ರೆಫರಲ್. ಮಾತ್ರೆ ಎಷ್ಟು ದಿನಕ್ಕೆ ಉಳಿದಿದೆ ಎಂದು ಆ ಪತ್ರದಲ್ಲೇ ಬರೆಸಿ, ಇದನ್ನು ಕೇಳದಿದ್ದರೆ ಯಾರೂ ಬರೆಯುವುದಿಲ್ಲ. ಬೀದಿಯ ಔಷಧಿ ಅಂಗಡಿಯಲ್ಲಿ ಈ ಮಾತ್ರೆ ಸಿಗದು, ಆಸ್ಪತ್ರೆಯ ಫಾರ್ಮಸಿಯೇ ಕೊಡುವುದು. ನಿಮ್ಮದು ಹೆಲ್ತ್ ಅಂಡ್ ಕೇರ್ ವೀಸಾ ಆದ್ದರಿಂದ ನಿಮಗೂ ಯಜಮಾನರಿಗೂ ಆರೋಗ್ಯ ಸರ್‌ಚಾರ್ಜ್ ಇಲ್ಲ (ಬೇರೆ ಕೆಲಸದ ವೀಸಾದವರು ತಲೆಗೆ ವರ್ಷಕ್ಕೆ 1,035 ಪೌಂಡ್ ಕಟ್ಟುತ್ತಾರೆ). ಮೊದಲೇ ಇದ್ದ ಕಾಯಿಲೆ ಎಂದು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ತಳ್ಳಿಹಾಕುವುದಿಲ್ಲ. ಇಂಗ್ಲೆಂಡಿನಲ್ಲಿ ಪ್ರತಿ ಔಷಧಿಗೆ 9.90 ಪೌಂಡ್ ಚೀಟಿ ಶುಲ್ಕವಿದೆ. ಕ್ಯಾನ್ಸರ್ ರೋಗಿಗಳಿಗೆ ಅದೂ ಮಾಫಿ, ಆದರೆ ತಾನಾಗಿ ಬರುವುದಿಲ್ಲ. ಎಫ್‌ಪಿ92ಎ ನಮೂನೆಗೆ ವೈದ್ಯರ ಸಹಿ ಹಾಕಿಸಿದರೆ ಐದು ವರ್ಷದ ಪ್ರಮಾಣಪತ್ರ ಬರುತ್ತದೆ.

ಇನ್ನು ವೆನೆಟೊಕ್ಲಾಕ್ಸ್. ಹೊರಡುವ ಮುಂಚೆ ಅದಕ್ಕೆ ಕೈ ಹಾಕಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಔಷಧಿ ಒಳ್ಳೆಯದೇ, 17ಪಿ ಇರುವವರಿಗೆಂದೇ 2016ರಲ್ಲಿ ಅಮೆರಿಕದಲ್ಲಿ ಮೊದಲು ಒಪ್ಪಿಗೆ ಪಡೆದದ್ದು. ಆದರೆ ಅದು ಕೋಶಗಳನ್ನು ಎಷ್ಟು ಬೇಗ ಕೊಲ್ಲುತ್ತದೆಂದರೆ ಒಡೆದ ಕೋಶದ ಪೊಟ್ಯಾಸಿಯಂ, ಫಾಸ್ಫೇಟ್, ಯೂರಿಕ್ ಆಸಿಡ್ ರಕ್ತಕ್ಕೆ ನುಗ್ಗಿ ಮೂತ್ರಪಿಂಡ, ಹೃದಯ ಎರಡಕ್ಕೂ ಕುತ್ತು. ಅದಕ್ಕೇ ಐದು ವಾರದ ಮೆಟ್ಟಿಲು: 20, 50, 100, 200, ಕೊನೆಗೆ 400 ಮಿಲಿಗ್ರಾಂ. ಎರಡು ಮೂರು ದಿನ ಮೊದಲೇ ಅಲೋಪ್ಯೂರಿನಾಲ್, ದಿನಕ್ಕೆ ಒಂದೂವರೆ ಎರಡು ಲೀಟರ್ ನೀರು, ಅಪಾಯ ಹೆಚ್ಚಿರುವವರಿಗೆ 20 ಮತ್ತು 50ರ ಮೊದಲ ದಿನ ಆಸ್ಪತ್ರೆಯಲ್ಲೇ ಇದ್ದು 6ರಿಂದ 8 ಗಂಟೆಗೆ, ಮತ್ತೆ 24 ಗಂಟೆಗೆ ರಕ್ತಪರೀಕ್ಷೆ. ಪಾಸ್‌ಪೋರ್ಟು, ಪ್ಯಾಕಿಂಗಿನ ಗಡಿಬಿಡಿಯಲ್ಲಿ ಇದು ಆಗುವ ಕೆಲಸವಲ್ಲ. ಇನ್ನೊಂದು, ಒಬಿನುಟುಜುಮಾಬ್ ಎಂಬ ಇನ್ನೊಂದು ಔಷಧಿಯ ಜೊತೆ ಹನ್ನೆರಡು ಸೈಕಲ್‌ಗೆ (ಸುತ್ತಿಗೆ) ಮುಗಿಸುವ ವಿಧಾನದಲ್ಲಿ 17ಪಿ ಇರುವವರಿಗೆ ರೋಗ ಉಳಿದವರಿಗಿಂತ ಬೇಗ ಮರಳುತ್ತದೆ. ಈಗಿನ ಮಾತ್ರೆ ಕೆಲಸ ಮಾಡುತ್ತಿದ್ದರೆ ವೆನೆಟೊಕ್ಲಾಕ್ಸ್ ಮುಂದಕ್ಕೆ ಕೈಯಲ್ಲಿರಲಿ. ಬಿಟಿಕೆಯಲ್ಲಿ ಸಿ481ಎಸ್ ಎಂಬ ಬದಲಾವಣೆ ಬಂದು ಈ ಮಾತ್ರೆ ಸೋತರೆ ಅದೇ ತರಹ ಅಂಟಿಕೊಳ್ಳುವ ಇಬ್ರುಟಿನಿಬ್, ಜಾನುಬ್ರುಟಿನಿಬ್ ಕೂಡ ಸೋಲುತ್ತವೆ. ಆಗ ಬೇಕಾಗುವುದು ವೆನೆಟೊಕ್ಲಾಕ್ಸ್, ಅಥವಾ ಬೇರೆ ರೀತಿಯಲ್ಲಿ ಹಿಡಿಯುವ ಪಿರ್ಟೊಬ್ರುಟಿನಿಬ್.

ಹೊಸದಾಗಿ ಶುರುಮಾಡಿದವರು ಹೆದರುವ ಒಂದು ಸಂಗತಿ ಇದೆ. ಬಿಟಿಕೆ ಮಾತ್ರೆ ಶುರುವಾದ ಮೇಲೆ ಊದಿದ ದುಗ್ಧಗ್ರಂಥಿಯ ಗಂಟುಗಳು ಕರಗುತ್ತಿದ್ದರೂ ರಕ್ತದಲ್ಲಿ ಲಿಂಫೋಸೈಟ್ (ಒಂದು ಬಗೆಯ ಬಿಳಿ ರಕ್ತಕಣ) ಲೆಕ್ಕ ಏರುತ್ತದೆ. ಗಂಟಿನೊಳಗಿದ್ದ ಕೋಶಗಳು ರಕ್ತಕ್ಕೆ ಇಳಿಯುವುದರಿಂದ ಹಾಗೆ, ತಿಂಗಳುಗಟ್ಟಲೆ ಇರಬಹುದು. ಗುರುತಿಲ್ಲದ ಹೊಸ ವೈದ್ಯರು ಇದನ್ನು ರೋಗ ಹೆಚ್ಚಾಯಿತು ಎಂದು ಓದಬಾರದೆಂದೇ ಹಳೆಯ ರಕ್ತಪರೀಕ್ಷೆಗಳೆಲ್ಲ ಫೈಲಿನಲ್ಲಿ ಬೇಕು.

ಮಲೆನಾಡಿನ ಮನೆಯ ಅಭ್ಯಾಸಗಳ ಬಗ್ಗೆ ಸ್ವಲ್ಪ ಬಿಗಿ ಇರಲಿ. ದಾರೆಹುಳಿ, ಚಕ್ಕೋತ ಬೇಡ. ಇವು ಔಷಧಿಯನ್ನು ಒಡೆಯುವ, ಕರುಳಿನ ಸಿವೈಪಿ3ಎ ಕಿಣ್ವವನ್ನು ತಡೆದು ಔಷಧಿಯ ಮಟ್ಟ ಏರಿಸಬಲ್ಲವು. ಅಲ್ಲಿನ ಗ್ರೇಪ್‌ಫ್ರೂಟ್ ಮತ್ತು ಬ್ರೆಡ್ಡಿಗೆ ಹಚ್ಚುವ ಮಾರ್ಮಲೇಡ್ ಕೂಡ ಹಾಗೇ, ಅದನ್ನು ಮಾಡುವುದು ಸೆವಿಲ್ ಕಿತ್ತಳೆಯಿಂದ. ಕ್ಲಾರಿಥ್ರೊಮೈಸಿನ್, ಇಟ್ರಾಕೊನಜೋಲ್ ಔಷಧಿಯನ್ನು ಏರಿಸುತ್ತವೆ. ರಿಫಾಂಪಿಸಿನ್, ಫಿಟ್ಸಿನ ಫೆನಿಟಾಯಿನ್ ಇಳಿಸುತ್ತವೆ. ಜೀರಿಗೆ ಕೊತ್ತಂಬರಿ ಕಷಾಯಕ್ಕೆ, ಅಡುಗೆಯ ಅರಿಶಿನಕ್ಕೆ ಅಡ್ಡಿಯಿಲ್ಲ. ಅಮೃತಬಳ್ಳಿ ಕಷಾಯ, ಅರಿಶಿನದ ಕ್ಯಾಪ್ಸೂಲ್, ಮೀನೆಣ್ಣೆ ಬೇಡ. ಯಜಮಾನರು ತೆಗೆದುಕೊಳ್ಳುತ್ತಿರುವುದು ಕ್ಯಾಪ್ಸೂಲೋ ಟ್ಯಾಬ್ಲೆಟ್ಟೋ ನೋಡಿ. ಕ್ಯಾಪ್ಸೂಲ್ ಆದರೆ ನಮ್ಮಲ್ಲಿ ಎಲ್ಲದಕ್ಕೂ ಬರೆಯುವ ಪ್ಯಾಂಟೊಪ್ರಜೋಲ್ ಜೊತೆಗಿರಬಾರದು, ಹೊಟ್ಟೆಯ ಆಮ್ಲ ಕಡಿಮೆಯಾದರೆ ಅದು ಸರಿಯಾಗಿ ಕರಗದು. ಟ್ಯಾಬ್ಲೆಟ್ಟಿಗೆ ಆ ತೊಂದರೆಯಿಲ್ಲ. ಹಲ್ಲು ಕೀಳಿಸುವುದಾದರೂ ವಿಭಾಗಕ್ಕೆ ಮೊದಲೇ ತಿಳಿಸಿ. ರಕ್ತಸ್ರಾವ ತಡೆಯಲು ಮುಂಚೆ ಮತ್ತು ಆಮೇಲೆ ಮೂರರಿಂದ ಏಳು ದಿನ ಮಾತ್ರೆ ನಿಲ್ಲಿಸಬೇಕಾಗಬಹುದು. ಎದೆ ಬಡಿತ ಏರುಪೇರಾದರೆ ಕಾಯಬೇಡಿ.

ಜ್ವರಕ್ಕೆ ಮೊದಲು ಪ್ಯಾರಾಸಿಟಮಾಲ್ ನುಂಗುವ ರೂಢಿ ಬಿಡಿ, ಅದು ಜ್ವರವನ್ನು ಮುಚ್ಚುತ್ತದೆ. ಥರ್ಮಾಮೀಟರ್ ಇಡಿ, 38 ಡಿಗ್ರಿ ಮುಟ್ಟಿದರೆ ರಾತ್ರಿ ಎರಡಾದರೂ ಆಸ್ಪತ್ರೆ ಕೊಟ್ಟ 24 ಗಂಟೆಯ ಸಂಖ್ಯೆಗೆ ಕರೆ ಮಾಡಿ. ರಜೆಗೆ ಊರಿಗೆ ಬರುವುದಾದರೆ ಡಿಸೆಂಬರಿನಿಂದ ಮೇವರೆಗೆ ಕಾಡಿನಂಚು, ದರಗಿನ (ಒಣ ಎಲೆಯ) ರಾಶಿ, ಉಣ್ಣೆ (ರಕ್ತ ಹೀರುವ ಉಣ್ಣಿ ಹುಳ) ಹತ್ತುವ ಜಾಗದಿಂದ ಯಜಮಾನರನ್ನು ದೂರವಿರಿಸಿ. ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆಯಲ್ಲೂ ಪ್ಲೇಟ್ಲೆಟ್ ಬಿದ್ದು ರಕ್ತಸ್ರಾವವಾಗುತ್ತದೆ, ಈ ಮಾತ್ರೆಯೂ ರಕ್ತ ಹೆಪ್ಪುಗಟ್ಟುವುದಕ್ಕೆ ಅಡ್ಡ. ಮಳೆಗಾಲ ಮುಗಿದ ನಂತರ ದೀಪಾವಳಿಯ ಹೊತ್ತಿಗೆ ಬಂದು ಹೋಗುವುದೇ ಲೇಸು.

ಅತ್ತೆಯವರು ವಿಸಿಟ್ ವೀಸಾದಲ್ಲಿ ಬರಬಹುದು, ಆದರೆ ಅವರಿಗೆ ಎನ್‌ಎಚ್‌ಎಸ್ ಉಚಿತವಲ್ಲ. ಆಸ್ಪತ್ರೆ ಸೇರಿದರೆ ನಿಗದಿತ ದರದ ಒಂದೂವರೆ ಪಟ್ಟು ಬಿಲ್, 500 ಪೌಂಡಿಗೆ ಮೇಲ್ಪಟ್ಟು ಬಾಕಿ ಉಳಿದರೆ ಮುಂದಿನ ವೀಸಾಕ್ಕೆ ತೊಡಕು. ಬಿಪಿ, ಸಕ್ಕರೆ ಕಾಯಿಲೆ ಏನಿದ್ದರೂ ಮುಚ್ಚಿಡದೆ ಬರೆದು ಪ್ರವಾಸ ವಿಮೆ ಮಾಡಿಸಿಯೇ ಟಿಕೆಟ್ ತೆಗೆಯಿರಿ.