70 ಡಾಲರ್ ಕೊಟ್ಟ ಮೇಲೂ ಲೆಕ್ಕ ಮುಗಿಯಲಿಲ್ಲ

ಪ್ರಶ್ನೆ: ನಾನು ಚಿಕ್ಕಂದಿನಿಂದ ಗೇಮ್ ಆಡುತ್ತಿದ್ದೇನೆ. ಮೊದಲು ದೊಡ್ಡ ಗೇಮ್ ಅಂದರೆ 60 ಡಾಲರ್ ಇತ್ತು. ಆಮೇಲೆ 70 ಆಯಿತು, ಈಗ 80ಕ್ಕೂ ಮಾರುತ್ತಿದ್ದಾರೆ. ಖರ್ಚು ಜಾಸ್ತಿಯಾಗಿದೆ ಅನ್ನುತ್ತಾರೆ ಕಂಪನಿಯವರು. ಇದನ್ನು ನಂಬಬಹುದಾ?

ಅರ್ಧ ನಂಬಬಹುದು. 2005ರಲ್ಲಿ ಎಕ್ಸ್‌ಬಾಕ್ಸ್ 360 ಅನ್ನುವ ಕನ್ಸೋಲ್ (ಟಿವಿಗೆ ಜೋಡಿಸಿ ಗೇಮ್ ಆಡುವ ಯಂತ್ರ) ಬಂದ ಹೊತ್ತಿಗೆ 60 ಡಾಲರ್ ರೂಢಿಯಾಯಿತು. ಸುಮಾರು ಹದಿನೈದು ವರ್ಷ ಆ ಬೆಲೆ ಅಲುಗಾಡಲೇ ಇಲ್ಲ. 2020ರಲ್ಲಿ ಎನ್‌ಬಿಎ 2ಕೆ21 ಅನ್ನುವ ಬ್ಯಾಸ್ಕೆಟ್‌ಬಾಲ್ ಗೇಮ್ ಹೊಸ ಕನ್ಸೋಲ್‌ಗಳಲ್ಲಿ ಆಡುವ ಕಾಪಿಗೆ 70 ಡಾಲರ್ ಇಟ್ಟಿತು, ಉಳಿದವರು ಹಿಂದೆಯೇ ಬಂದರು. 2025ರಲ್ಲಿ ನಿಂಟೆಂಡೊ ಮಾರಿಯೊ ಕಾರ್ಟ್ ವರ್ಲ್ಡ್‌ಗೆ 80 ಕೇಳಿತು. ಅಮೆರಿಕದ ಹಣದುಬ್ಬರ ಸೇರಿಸಿ ನೋಡಿದರೆ 2005ರ 60 ಡಾಲರ್ ಇವತ್ತಿನ ಹತ್ತಿರ ಹತ್ತಿರ 100 ಡಾಲರ್. ಗೇಮ್‌ಗಳು ಚಿಪ್ ಇರುವ ಪುಟ್ಟ ಡಬ್ಬಿಯಲ್ಲಿ ಬರುತ್ತಿದ್ದ ಕಾರ್ಟ್ರಿಜ್ ಕಾಲದಲ್ಲಂತೂ, 90ರ ದಶಕದಲ್ಲೇ, ಕೆಲವು ಗೇಮ್‌ಗಳು 70 ಡಾಲರ್ ದಾಟಿದ್ದವು. ಆಗ ಒಳಗಿನ ಚಿಪ್ಪೇ ದುಬಾರಿ. ಹಾಗಾಗಿ ಬರೀ 70 ಅನ್ನುವ ಅಂಕಿ ನೋಡಿ ನನಗೆ ಸಿಟ್ಟು ಬರುವುದಿಲ್ಲ.

ಇನ್ನರ್ಧ ಕಥೆಯನ್ನು ಕಂಪನಿಗಳು ಹೇಳುವುದಿಲ್ಲ. ಬೆಲೆ ನಿಂತಲ್ಲೇ ನಿಂತಿದ್ದ ಆ ಹದಿನೈದು ವರ್ಷ ಅವರು ಕೈಕಟ್ಟಿ ಕೂತಿರಲಿಲ್ಲ. 2006ರಲ್ಲಿ ಒಬ್ಲಿವಿಯನ್ ಗೇಮ್‌ಗೆ ಎರಡೂವರೆ ಡಾಲರ್‌ನ ಕುದುರೆ ಕವಚ ಮಾರಾಟಕ್ಕೆ ಬಂತು. ಕುದುರೆ ಚೆಂದ ಕಾಣುತ್ತದೆ, ಅಷ್ಟೇ. ಜನ ಬೈದರು, ಕೊಂಡರು ಕೂಡ. ಆ ಬಾಗಿಲಿನಿಂದಲೇ ಗೇಮ್‌ನ ಬೆಲೆಯ ಮೇಲೆ ಮತ್ತೆ ದುಡ್ಡು ಕೇಳುವ ಡಿಲಕ್ಸ್ ಎಡಿಷನ್, ಸೀಸನ್ ಪಾಸ್, ಬ್ಯಾಟಲ್ ಪಾಸ್, ಸ್ಕಿನ್ (ಪಾತ್ರದ ವೇಷ) ಎಲ್ಲ ಒಂದೊಂದಾಗಿ ಒಳಗೆ ಬಂದವು. ಇದರ ಜೊತೆಗೆ ಡಿಸ್ಕ್ ಹೋಗಿ ಡೌನ್‌ಲೋಡ್ ಬಂತು. ಡಬ್ಬಿಯ ಖರ್ಚಿಲ್ಲ, ಸಾಗಿಸುವ ಖರ್ಚಿಲ್ಲ, ಉಳಿದುಹೋದ ಮಾಲಿನ ಚಿಂತೆಯಿಲ್ಲ. ಸ್ಟೀಮ್‌ನಂಥ ಆನ್‌ಲೈನ್ ಅಂಗಡಿಗಳು ಸಾಮಾನ್ಯವಾಗಿ 30 ಶೇಕಡಾ ಹಿಡಿದುಕೊಳ್ಳುತ್ತವೆ, ಅದು ನಿಜ. ಆದರೆ ನಾವು ಆಡಿ ಮುಗಿಸಿದ ಗೇಮನ್ನು ಇನ್ನೊಬ್ಬರಿಗೆ ಮಾರುವ ದಾರಿಯೂ ಮುಚ್ಚಿತು. ಆ ಇನ್ನೊಬ್ಬರು ಈಗ ಹೊಸ ಕಾಪಿಯನ್ನೇ ಕೊಳ್ಳಬೇಕು. ಈ ಉಳಿತಾಯ, ಈ ಲಾಭ ಯಾವುದೂ ಬೆಲೆ ಏರಿಸುವಾಗಿನ ಹೇಳಿಕೆಯಲ್ಲಿ ಬರುವುದಿಲ್ಲ.

ನನ್ನ ಮಾತು ಇಷ್ಟೇ. 70 ಕೇಳಿ, ಪೂರ್ತಿ ಗೇಮ್ ಕೊಡಿ. ನಾನು ಖುಷಿಯಿಂದ ಕೊಡುತ್ತೇನೆ. 2023ರಲ್ಲಿ ಬಂದ ಬಾಲ್ಡರ್ಸ್ ಗೇಟ್ 3 ಒಳಗೆ ಅಂಗಡಿ ಇರಲಿಲ್ಲ, ಆಡಿದಷ್ಟೂ ಮುಗಿಯದ ಕಥೆ ಇತ್ತು. 70 ತೆಗೆದುಕೊಂಡು, ಒಳಗೆ ಕಾಲಿಟ್ಟ ಕೂಡಲೇ ಮತ್ತೊಂದು ಅಂಗಡಿ ತೋರಿಸಿದರೆ ಮಾತ್ರ ನನಗೆ ಹೊಟ್ಟೆ ಉರಿಯುತ್ತದೆ. ಬೆಲೆಯ ಒಂದು ಭಾಗವನ್ನು ನನ್ನಿಂದ ಮುಚ್ಚಿಟ್ಟ ಹಾಗೆ ಅದು.

ಹಾಲೋ ನೈಟ್: ಸಿಲ್ಕ್‌ಸಾಂಗ್ 2025ರ ಸೆಪ್ಟೆಂಬರ್‌ನಲ್ಲಿ ಬರೀ 20 ಡಾಲರ್‌ಗೆ ಬಂತು. ಕೊಳ್ಳಲು ನುಗ್ಗಿದ ಜನಕ್ಕೆ ಆನ್‌ಲೈನ್ ಅಂಗಡಿಗಳೇ ಸ್ವಲ್ಪ ಹೊತ್ತು ಕೆಟ್ಟು ನಿಂತವು. ಹಾಗಂತ ಎಲ್ಲರೂ 20ಕ್ಕೆ ಕೊಡಲಿ ಅನ್ನುವುದು ಸರಿಯಲ್ಲ. ಅದು ಕೆಲವೇ ಜನರ ತಂಡ. ನೂರಾರು ಜನ ಐದಾರು ವರ್ಷ ದುಡಿದ ಗೇಮ್‌ನ ಲೆಕ್ಕ ಬೇರೆ.

ಇನ್ನೊಂದು ಮಾತು. ಗಂಟೆಗೆ ಎಷ್ಟು ಡಾಲರ್ ಬಿತ್ತು ಅಂತ ಲೆಕ್ಕ ಹಾಕುವವರು ಜಾಸ್ತಿಯಾಗಿದ್ದಾರೆ. ದಯವಿಟ್ಟು ಬೇಡ. ಆ ಲೆಕ್ಕವನ್ನು ಮೆಚ್ಚಿಸಲು ಹೋಗಿಯೇ ಎಷ್ಟೋ ಗೇಮ್‌ಗಳಲ್ಲಿ ಸುಮ್ನೆ ಓಡಾಡಿಸುವ ಕೆಲಸಗಳು ತುಂಬಿಕೊಂಡಿವೆ. ಆರು ಗಂಟೆಯಲ್ಲಿ ಮುಗಿದು ಆರು ವರ್ಷ ನೆನಪಿನಲ್ಲಿ ಉಳಿದ ಗೇಮ್‌ಗಳು ನನ್ನ ಬಳಿ ಇವೆ.

ಮತ್ತೆ, ಬೇಡ ಅಂದರೆ ಕೇಳಿಸಿಕೊಳ್ಳುತ್ತಾರೆ. 2025ರಲ್ಲಿ ಮೈಕ್ರೋಸಾಫ್ಟ್ ದಿ ಔಟರ್ ವರ್ಲ್ಡ್ಸ್ 2ಕ್ಕೆ 80 ಡಾಲರ್ ಘೋಷಿಸಿತ್ತು. ಜನ ಒಪ್ಪಲಿಲ್ಲ. ಬಿಡುಗಡೆಗೆ ಮೊದಲೇ 70ಕ್ಕೆ ಇಳಿಸಿತು.

ಪ್ರಶ್ನೆ: ಮಗನಿಗೆ 12 ವರ್ಷ. ಫ್ರೀ ಗೇಮ್ ಅಲ್ವಾ ಅಂತ ಹಾಕಿಕೊಟ್ಟೆ. ಈಗ ಅದರಲ್ಲಿ ಬಾಕ್ಸ್ ಓಪನ್ ಮಾಡಲು ದಿನಾ ದುಡ್ಡು ಕೇಳುತ್ತಾನೆ. ಕೊಡದಿದ್ದರೆ ಅಳು. ಇದು ಜೂಜಲ್ಲವೇ ಸರ್?

ನನ್ನ ಕಣ್ಣಿಗೆ ಜೂಜೇ, ಮೇಡಂ. ದುಡ್ಡು ಕೊಡುತ್ತೀರಿ, ಏನು ಸಿಗುತ್ತದೆ ಅಂತ ಗೊತ್ತಿರುವುದಿಲ್ಲ, ಸಿಗುವ ತನಕ ಕೈ ಬಿಡಲು ಮನಸ್ಸಾಗುವುದಿಲ್ಲ. ಬೆಲ್ಜಿಯಂ 2018ರಲ್ಲೇ ದುಡ್ಡು ಕೊಟ್ಟು ತೆರೆಯುವ ಲೂಟ್ ಬಾಕ್ಸ್‌ಗಳು ತನ್ನ ಜೂಜಿನ ಕಾನೂನಿಗೆ ವಿರುದ್ಧ ಅಂದಿತು. ಎಲ್ಲ ದೇಶಗಳೂ ಹಾಗೆ ಅಂದಿಲ್ಲ.

ಅದಕ್ಕೆ ಕೆಲವೇ ತಿಂಗಳು ಮೊದಲು, 2017ರ ನವೆಂಬರ್‌ನಲ್ಲಿ, ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಗಲಾಟೆ ನಡೆದಿತ್ತು. ಪೂರ್ತಿ ಬೆಲೆ ಕೊಟ್ಟು ಕೊಂಡ ಗೇಮ್‌ನಲ್ಲಿ ಮುಖ್ಯ ಪಾತ್ರಗಳಿಗೇ ಬೀಗ ಹಾಕಿದ್ದರು. ತೆಗೆಯಲು ಹತ್ತಾರು ಗಂಟೆ ಆಡಬೇಕು. ಜೊತೆಗೆ, ಆಟದಲ್ಲಿ ಬಲ ಕೊಡುವ ಕಾರ್ಡ್‌ಗಳನ್ನು ದುಡ್ಡಿನ ಬಾಕ್ಸ್‌ನಲ್ಲಿ ಇಟ್ಟಿದ್ದರು. ಇದನ್ನು ಸಮರ್ಥಿಸಿ, ಗೇಮ್ ಹೊರತಂದ ಇಎ ಕಂಪನಿ ರೆಡಿಟ್ ಅನ್ನುವ ಚರ್ಚಾತಾಣದಲ್ಲಿ ಬರೆದ ಉತ್ತರಕ್ಕೆ 6 ಲಕ್ಷಕ್ಕೂ ಜಾಸ್ತಿ ಡೌನ್‌ವೋಟ್ (ಮೆಚ್ಚಲಿಲ್ಲ ಅನ್ನುವ ಮತ) ಬಿದ್ದವು. ಬಿಡುಗಡೆಯ ಹಿಂದಿನ ದಿನ ಗೇಮ್ ಒಳಗಿನ ದುಡ್ಡಿನ ವ್ಯವಹಾರವನ್ನೇ ನಿಲ್ಲಿಸಬೇಕಾಯಿತು.

ನಿಮ್ಮ ಮಗನ ಮುಂದಿರುವ ಪರದೆಯನ್ನು ಒಮ್ಮೆ ಗಮನವಿಟ್ಟು ನೋಡಿ. ಅಲ್ಲಿ ನೇರವಾಗಿ ದುಡ್ಡು ಕಾಣಿಸುವುದಿಲ್ಲ. ವಜ್ರವೋ ನಾಣ್ಯವೋ ಇರುತ್ತದೆ. ಬಾಕ್ಸ್‌ಗೆ 450 ವಜ್ರ ಬೇಕು, ಆದರೆ ಮಾರುವುದು 400 ಅಥವಾ 1000ದ ಕಟ್ಟು ಅಂತಿಟ್ಟುಕೊಳ್ಳಿ. ಸಾವಿರದ್ದು ಕೊಂಡರೆ ಎರಡು ಬಾಕ್ಸ್ ಆಗಿ 100 ಉಳಿಯುತ್ತದೆ. ಆ 100 ಸುಮ್ನೆ ಬಿಡಲು ಮನಸ್ಸು ಬಾರದೆ ಮತ್ತೆ ಕೊಳ್ಳುತ್ತಾರೆ. ಪಕ್ಕದಲ್ಲಿ 'ಇನ್ನು ಎರಡೇ ಗಂಟೆ' ಅಂತ ಗಡಿಯಾರ ಓಡುತ್ತಿರುತ್ತದೆ. ಇದನ್ನೆಲ್ಲ ಕೂತು ಯೋಚಿಸಿ ಮಾಡಿದವರು ದೊಡ್ಡವರು, ಸಂಬಳ ಪಡೆಯುವವರು. ಅವರ ಎದುರು 12 ವರ್ಷದ ಹುಡುಗ ಸೋತರೆ ಅದು ಅವನ ತಪ್ಪಲ್ಲ. ದಯವಿಟ್ಟು ಅವನಿಗೆ ಬೈಯಬೇಡಿ.

2022ರ ಡಿಸೆಂಬರ್‌ನಲ್ಲಿ ಫೋರ್ಟ್‌ನೈಟ್‌ನ ಎಪಿಕ್ ಗೇಮ್ಸ್ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಜೊತೆ 52 ಕೋಟಿ ಡಾಲರ್‌ನ ಒಪ್ಪಂದಕ್ಕೆ ಬಂತು. ಅದರಲ್ಲಿ 24.5 ಕೋಟಿ, ಗೊಂದಲದ ಬಟನ್‌ಗಳಿಂದ ಬೇಡದ್ದನ್ನು ಕೊಂಡವರಿಗೆ ವಾಪಸ್ ಕೊಡಲು. ಅಂದರೆ ಇಂಥ ಬಲೆಗೆ ವಯಸ್ಸಿನಲ್ಲಿ ದೊಡ್ಡವರೂ ಬಿದ್ದಿದ್ದಾರೆ.

ಮೊದಲು ಅವನ ಅಕೌಂಟ್‌ನಿಂದ ನಿಮ್ಮ ಕಾರ್ಡ್ ತೆಗೆಯಿರಿ, ಖರೀದಿಗೆ ಪಿನ್ ಹಾಕಿ. ತಿಂಗಳಿಗೆ ಇಷ್ಟು ಅಂತ ಗಿಫ್ಟ್ ಕಾರ್ಡ್ ಕೊಡಿ, ಅದು ಮುಗಿದರೆ ಮುಗಿಯಿತು. ಆಮೇಲೆ ಅವನ ಪಕ್ಕ ಕೂತು, ಯಾವ ವಸ್ತು ಸಿಗಲು ಎಷ್ಟು ಸಾಧ್ಯತೆ ಅಂತ ಬರೆದಿರುವ ಪುಟ ತೆಗೆಸಿ. ಆ್ಯಪಲ್ 2017ರ ಕೊನೆಯಿಂದ ತನ್ನ ಆ್ಯಪ್ ಸ್ಟೋರ್‌ನಲ್ಲಿ ಇದನ್ನು ಕಡ್ಡಾಯ ಮಾಡಿದೆ. ಅಲ್ಲಿ 1 ಶೇಕಡಾ ಅಂತ ಇದ್ದರೆ ಅವನನ್ನೇ ಕೇಳಿ: ನೂರು ಬಾಕ್ಸ್ ತೆರೆದರೆ ಖಂಡಿತ ಸಿಗುತ್ತದಾ? ಸಿಗುತ್ತದೆ ಅಂತಾನೆ. ಇಲ್ಲ. ನೂರು ತೆರೆದ ಮೇಲೂ ಸಿಗದೇ ಇರುವ ಸಾಧ್ಯತೆ 37 ಶೇಕಡಾ. ಕ್ಯಾಲ್ಕುಲೇಟರ್ ಅವನ ಕೈಗೆ ಕೊಡಿ. 0.99ನ್ನು ನೂರು ಸಲ ಗುಣಿಸಲಿ. ಮಕ್ಕಳಿಗೆ ನಮ್ಮ ಉಪದೇಶಕ್ಕಿಂತ ತಾವೇ ಮಾಡಿದ ಲೆಕ್ಕದ ಮೇಲೆ ನಂಬಿಕೆ ಜಾಸ್ತಿ.

ಪ್ರಶ್ನೆ: ತಿಂಗಳ ಚಂದಾ ಕಟ್ಟಿ ನೂರಾರು ಗೇಮ್ ಆಡುವುದು ಲಾಭವಾ?

ತಿಂಗಳಿಗೆ ಎರಡು ಹೊಸ ಗೇಮ್ ನಿಜವಾಗಿ ಆಡುತ್ತೀರಿ ಅಂದರೆ ಲಾಭ. ಒಂದೇ ಗೇಮನ್ನು ವರ್ಷವಿಡೀ ಆಡುವವರಿಗೆ ನಷ್ಟ. ಚಂದಾ ದರ ನಿಮ್ಮ ಕೈಯಲ್ಲಿಲ್ಲ ಅನ್ನುವುದೂ ನೆನಪಿರಲಿ. 2025ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್‌ನ ಗೇಮ್ ಪಾಸ್ ಅಲ್ಟಿಮೇಟ್ ಚಂದಾ ತಿಂಗಳಿಗೆ ಒಂದೇ ಏಟಿಗೆ 20ರಿಂದ 30 ಡಾಲರ್ ಆಯಿತು.

ಪ್ರಶ್ನೆ: ದುಡ್ಡು ಕೊಟ್ಟು ಕೊಂಡ ಗೇಮ್ ಈಗ ತೆರೆಯುವುದೇ ಇಲ್ಲ. ಸರ್ವರ್ ಮುಚ್ಚಿದೆ ಅಂತ ಬರುತ್ತದೆ. ನನ್ನದೇ ಗೇಮ್ ಅಲ್ಲವಾ ಅದು?

ಅವರ ಪ್ರಕಾರ ಅಲ್ಲ. ನೀವು ಕೊಂಡಿದ್ದು ಆಡುವ ಪರವಾನಗಿ. ನೀವು ಓದದೆ 'ಒಪ್ಪಿದೆ' ಒತ್ತಿದ ಪುಟದಲ್ಲಿ ಹಾಗೆ ಬರೆದಿರುತ್ತದೆ. ನಾವೆಲ್ಲರೂ ಹಾಗೇ ಒತ್ತುತ್ತೇವೆ.

ಯೂಬಿಸಾಫ್ಟ್‌ನ ದಿ ಕ್ರೂ 2014ರಲ್ಲಿ ಬಂದ ಕಾರ್ ರೇಸ್ ಗೇಮ್. ಒಬ್ಬರೇ ಆಡಿದರೂ ಅದಕ್ಕೆ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಂತಿತು, ಡಿಸ್ಕ್ ಕೊಂಡವರ ಕೈಯಲ್ಲಿ ಬರೀ ಪ್ಲಾಸ್ಟಿಕ್ ಉಳಿಯಿತು. ಅದರಿಂದಲೇ ರಾಸ್ ಸ್ಕಾಟ್ ಅನ್ನುವ ಯೂಟ್ಯೂಬರ್ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿ ಶುರು ಮಾಡಿದರು. ಯುರೋಪ್‌ನಲ್ಲಿ ಅದರ ಮನವಿಗೆ 10 ಲಕ್ಷಕ್ಕೂ ಜಾಸ್ತಿ ಸಹಿ ಬಿದ್ದವು. ಸರ್ವರ್ ಸದಾ ಓಡಿಸಿ ಅಂತ ಅವರು ಕೇಳುತ್ತಿಲ್ಲ, ನಾನೂ ಕೇಳುವುದಿಲ್ಲ. ಮುಚ್ಚುವ ಮೊದಲು ಆಫ್‌ಲೈನ್ ಆಡುವ ಹಾಗೆ ಗೇಮನ್ನು ತಿದ್ದುವ ಒಂದು ಪ್ಯಾಚ್ ಕೊಟ್ಟು ಹೋಗಿ. ಇಷ್ಟು ಕೇಳುವುದು ಅತಿಯಲ್ಲ.

ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ, ಇದು ಬರೀ ಪರವಾನಗಿ ಅಂತ ಮಾರುವಾಗಲೇ ತಿಳಿಸಬೇಕೆಂಬ ಕಾನೂನಿದೆ. ಸ್ಟೀಮ್ ಅಂತೂ ದುಡ್ಡು ಕಟ್ಟುವ ಪುಟದಲ್ಲೇ ಇದನ್ನು ಬರೆದಿದೆ. ಉಳಿಸಿಕೊಳ್ಳಲೇಬೇಕು ಅನ್ನಿಸುವ ಗೇಮ್ ಇದ್ದರೆ ಜಿಒಜಿ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಹುಡುಕಿ. ಅಲ್ಲಿ ಇನ್‌ಸ್ಟಾಲರ್ ಫೈಲ್ ಇಳಿಸಿ ನಿಮ್ಮ ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಬಹುದು.

ಪ್ರಶ್ನೆ: ನಾನು ಕಾಯುತ್ತಿರುವ ಗೇಮ್ ಮುಂದಿನ ತಿಂಗಳು ಬರುತ್ತಿದೆ. ಪ್ರಿ-ಆರ್ಡರ್ ಮಾಡಿದರೆ ಒಂದು ವಿಶೇಷ ಕತ್ತಿ ಕೊಡುತ್ತಾರಂತೆ. ಮಾಡಲಾ?

ಮಾಡಬೇಡಿ. ಡೌನ್‌ಲೋಡ್ ಕಾಪಿ ಖಾಲಿಯಾಗುವುದಿಲ್ಲ. ಹಿಂದೆ ನಾನೂ ಹೀಗೇ ಮುಂಗಡ ಕೊಟ್ಟು ಕೈ ಸುಟ್ಟುಕೊಂಡಿದ್ದೇನೆ. ಗೇಮ್ ಬಂದ ದಿನದಿಂದ ಮೂರು ವಾರ, ಎರಡನೇ ಹಂತ ದಾಟುವಷ್ಟರಲ್ಲಿ ಕ್ರ್ಯಾಶ್ ಆಗುತ್ತಿತ್ತು. ಸೈಬರ್‌ಪಂಕ್ 2077 ನೆನಪಿದೆಯಲ್ಲ? 2020ರ ಡಿಸೆಂಬರ್ 10ಕ್ಕೆ ಬಂತು. ಹಳೆಯ ಕನ್ಸೋಲ್‌ಗಳಲ್ಲಿ ಎಷ್ಟು ಕೆಟ್ಟದಾಗಿ ಓಡಿತು ಅಂದರೆ, ಎಂಟೇ ದಿನಕ್ಕೆ ಸೋನಿ ತನ್ನ ಅಂಗಡಿಯಿಂದ ತೆಗೆದು ದುಡ್ಡು ವಾಪಸ್ ಕೊಟ್ಟಿತು. ಆಮೇಲೆ ಅದೇ ಗೇಮನ್ನು ತುಂಬ ಚೆನ್ನಾಗಿ ಸರಿಮಾಡಿದರು. ಕಾದವರಿಗೆ ಕಡಿಮೆ ಬೆಲೆಗೆ ಒಳ್ಳೆಯ ಗೇಮ್ ಸಿಕ್ಕಿತು.

ಬಿಡುಗಡೆಯಾಗಿ ಒಂದೆರಡು ವಾರ ಹೋಗಲಿ. ನಿಮ್ಮದೇ ಕನ್ಸೋಲ್‌ನಲ್ಲಿ ಬೇರೆಯವರು ಆಡಿದ ವಿಡಿಯೋ ನೋಡಿ, ಟ್ರೇಲರ್ ಅಲ್ಲ. ಸ್ಟೀಮ್‌ನಲ್ಲಿ ಕೊಂಡರೆ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ರೀಫಂಡ್ ಸಿಗುತ್ತದೆ. ಹಾಗಾಗಿ ಆ ಮೊದಲ ಎರಡು ಗಂಟೆಯನ್ನು ನಿಮ್ಮ ಪಾತ್ರದ ಮುಖ ಕೆತ್ತುವುದರಲ್ಲಿ, ಮೆನು ನೋಡುವುದರಲ್ಲಿ ಕಳೆಯಬೇಡಿ, ನೇರ ಆಟಕ್ಕಿಳಿಯಿರಿ. ಕತ್ತಿಯ ಚಿಂತೆ ಬಿಡಿ. ಅಂಥ ಬಹುಪಾಲು ಕತ್ತಿಗಳಿಗಿಂತ ಒಳ್ಳೆಯದು ಮೂರನೇ ಗಂಟೆಯಲ್ಲಿ ಆಟದೊಳಗೇ ಸಿಗುತ್ತದೆ.